ವಿಶ್ರಾಂತಿಕಾಲದ ಕೈಖರ್ಚು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ವರ್ಷಕ್ಕೊಮ್ಮೆ ಕೂಡುವಾಗ, ಯಾರು ಬಂದರು, ಯಾರು ಬರಲಿಲ್ಲ ಎಂದು ಹೆಸರಿನ ಪಟ್ಟಿಯನ್ನು ಹಿಡಿದು ನೋಡುವುದು ನಮ್ಮ ವಾಡಿಕೆ. ಕೆಲವು ವರ್ಷಗಳ ಹಿಂದೆ ಹೀಗೆ ನೋಡುತ್ತಿರುವಾಗ, ಎಂದೂ ತಪ್ಪದೆ ಬರುತ್ತಿದ್ದ ಸಹಪಾಠಿನಿಯೊಬ್ಬಳು ಕಾಣಿಸಲಿಲ್ಲ. ಕಾಯಿಲೆಯೇನಾದರೂ ಇರಬಹುದೆಂದು ಕಳವಳಪಟ್ಟು ಮರುವಾರ ಆಕೆಯ ಮನೆಗೆ ಹೋದೆವು. ಕಾಯಿಲೆಯೇನೂ ಇರಲಿಲ್ಲ. ಬಹಳ ಹೊತ್ತು ಅದೂ ಇದೂ ಮಾತನಾಡಿದ ಮೇಲೆ, ಸೊಸೆಯು ಕಾಫಿ ತರಲು ಒಳಗೆ ಹೋದ ಸಮಯವನ್ನು ನೋಡಿ ಆಕೆ ಮೆಲ್ಲನೆ ಹೇಳಿದಳು: “ರಿಕ್ಷಾಕ್ಕೆ ಹಣವಿರಲಿಲ್ಲ ಮಾರಾಯ್ತಿ. ಇಷ್ಟಕ್ಕೆಲ್ಲ ಮಗನನ್ನು ಕೇಳಲು ನಾಚಿಕೆಯಾಯಿತು.”

ಆಕೆ ಬಡವಳಲ್ಲ. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಉಪಾಧ್ಯಾಯಿನಿಯಾಗಿ ದುಡಿದವಳು. ಕೆಲಸದಿಂದ ನಿವೃತ್ತಳಾದಾಗ ಭವಿಷ್ಯನಿಧಿಯಿಂದಲೂ ಗ್ರಾಚ್ಯುಟಿಯಿಂದಲೂ ಬಂದ ಹಣವನ್ನೆಲ್ಲಾ ಮಗನ ಮನೆಗೆ ಮಾಳಿಗೆಯನ್ನು ಕಟ್ಟಿಸಲು ಕೊಟ್ಟಳು. ಬ್ಯಾಂಕಿಗೆ ಹೋಗಿಬರುವ ಶ್ರಮವೇಕೆಂದು ಪಿಂಚಣಿ ಬರುವ ಖಾತೆಯ ಕಾರ್ಡನ್ನೂ ಅವನ ಕೈಯಲ್ಲಿಯೇ ಇಟ್ಟಳು. ಮಗನು ಕೆಟ್ಟವನಲ್ಲ, ಊಟ, ಉಡಿಗೆ, ಔಷಧ ಒಂದಕ್ಕೂ ಕೊರತೆ ಮಾಡಿದವನಲ್ಲ. ತಾಯಿಯ ಕೈಯಲ್ಲಿ ನೂರು ರೂಪಾಯಿಯೂ ಇಲ್ಲವೆಂಬುದು ಅವನಿಗೆ ತೋರಲಿಲ್ಲ. ತೋರಿಸಿಕೊಡಲು ಆಕೆಗೆ ಬಾಯಿ ಬರಲಿಲ್ಲ. ಇಷ್ಟೇ ಸಂಗತಿ. ಆದರೆ ನಮ್ಮ ಬಳಗದಲ್ಲಿ ಇಂತಹವರು ಆಕೆಯೊಬ್ಬಳೇ ಅಲ್ಲವೆಂದು ವಿಚಾರಿಸಿದಷ್ಟೂ ನಮಗೆ ತಿಳಿದುಬಂದುದರಿಂದ, ಈ ಸಂಚಿಕೆಯಲ್ಲಿ ಈ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯಲು ಮನಸ್ಸು ಮಾಡಿದ್ದೇವೆ.

ವಿಶ್ರಾಂತಿಕಾಲದ ಹಣದ ವಿಚಾರ ಬಂದಾಗ, ಎಷ್ಟು ಲಕ್ಷವಿದ್ದರೆ ಸಾಕು ಎಂದು ಎಲ್ಲರೂ ಕೇಳುತ್ತಾರೆ. ನಾವು ಕೇಳುವ ಪ್ರಶ್ನೆ ಬೇರೆ. ತಿಂಗಳು ತಿಂಗಳೂ ತಪ್ಪದೆ ನಿಮ್ಮ ಕೈಗೇ ಬರುವ, ನೀವು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲದ ಒಂದು ಸಣ್ಣ ಮೊತ್ತವು ಇದೆಯೇ? ಅದನ್ನೇ ನಮ್ಮ ಹಿರಿಯರು ಕೈಖರ್ಚು ಎಂದು ಕರೆದರು. ನಮ್ಮ ತಾಯಂದಿರು ಅದನ್ನು ಸಾಸಿವೆಯ ಡಬ್ಬಿಯಲ್ಲಿ ಅಡಗಿಸಿಟ್ಟರು. ಅದು ಭೋಗದ ಹಣವಲ್ಲ. ಕಾಯಿಲೆ ಬಿದ್ದ ಗೆಳತಿಗೆ ನಾಲ್ಕು ಕಿತ್ತಳೆಹಣ್ಣನ್ನು ಒಯ್ಯುವುದಕ್ಕೂ, ಮೊಮ್ಮಗಳ ಕೈಗೆ ಒಂದು ಮಿಠಾಯಿಯನ್ನು ಇಡುವುದಕ್ಕೂ, ಹಳೆಯ ಶಾಲೆಯ ಬಾಗಿಲನ್ನು ವರ್ಷಕ್ಕೊಮ್ಮೆ ತುಳಿಯುವುದಕ್ಕೂ ಬೇಕಾದ ಹಣವದು. ಕೊಡುವ ಶಕ್ತಿಯು ಪೂರ್ತಿಯಾಗಿ ಹೋದ ದಿನವೇ ಮನುಷ್ಯನು ಮುದುಕನಾಗುವುದು ಎಂದು ನಮಗೆ ತೋರುತ್ತದೆ. ಆದುದರಿಂದ ಆದಾಯವು ಎಷ್ಟೇ ಸ್ವಲ್ಪವಾಗಿರಲಿ, ಕೈಖರ್ಚನ್ನು ಮೊದಲೇ ಬೇರೆಯಾಗಿ ಎತ್ತಿಡತಕ್ಕದ್ದು. ಉಳಿದರೆ ನೋಡೋಣವೆಂದರೆ ಅದು ಎಂದಿಗೂ ಉಳಿಯಲಾರದು.

ಇದನ್ನು ಮಾಡುವ ಬಗೆ ಹೇಗೆ? ಮೊದಲು ಆದಾಯವನ್ನು ಸರಿಯಾಗಿ ತಿಳಿಯಬೇಕು. ಸರಕಾರದ ಪಿಂಚಣಿಯನ್ನು ಪಡೆಯುವವರಿಗೆ ಬೆಲೆಗಳು ಏರಿದಂತೆ ತುಟ್ಟಿಭತ್ಯವೂ ಏರುವುದುಂಟು. ಖಾಸಗಿ ಶಾಲೆ, ಆಸ್ಪತ್ರೆ, ಕಾರ್ಖಾನೆಗಳಲ್ಲಿ ದುಡಿದ ಅನೇಕರಿಗೆ 1995ನೆಯ ಇಸವಿಯ ನೌಕರರ ಪಿಂಚಣಿ ಯೋಜನೆಯೇ ಗತಿ. ಇದರ ಕನಿಷ್ಠ ಮೊತ್ತವನ್ನು 2014ನೆಯ ಇಸವಿಯ ಸೆಪ್ಟೆಂಬರಿನಲ್ಲಿ ತಿಂಗಳಿಗೆ 1,000 ರೂಪಾಯಿಗೆ ನಿಗದಿಮಾಡಲಾಯಿತು. ಇಲ್ಲಿ ತುಟ್ಟಿಭತ್ಯವೆಂಬುದಿಲ್ಲ. ಆದುದರಿಂದ ಇಂತಹವರು ಕೈಗೆ ಬಂದ ಗಂಟಿನ ಬಡ್ಡಿಯನ್ನೇ ಮುಖ್ಯವಾಗಿ ನಂಬಬೇಕಾಗುತ್ತದೆ.

ಆ ಗಂಟನ್ನು ಇಡುವುದಕ್ಕೆ ಅಂಚೆಕಛೇರಿಯಲ್ಲಿಯೂ ಬ್ಯಾಂಕುಗಳಲ್ಲಿಯೂ ಹಿರಿಯ ನಾಗರಿಕರ ಉಳಿತಾಯ ಯೋಜನೆಯೆಂಬುದು 2004ನೆಯ ಇಸವಿಯಿಂದ ಇದೆ. ಸಾಮಾನ್ಯವಾಗಿ ಅರುವತ್ತು ವರ್ಷ ತುಂಬಿದವರು ಇದರಲ್ಲಿ ಹಣವಿಡಬಹುದು. 2023ನೆಯ ಇಸವಿಯಲ್ಲಿ ಇದರ ಮಿತಿಯನ್ನು 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದರು; ಅದೇ ವರ್ಷದ ಏಪ್ರಿಲಿನಲ್ಲಿ ಬಡ್ಡಿಯ ದರವು ನೂರಕ್ಕೆ 8.2 ಆಯಿತು. ದರವನ್ನು ಸರಕಾರವು ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆಯಾದರೂ, ಖಾತೆಯನ್ನು ತೆರೆದ ದಿನದ ದರವೇ ಆ ಖಾತೆಗೆ ಐದು ವರ್ಷಗಳ ಅವಧಿಯುದ್ದಕ್ಕೂ ಸಲ್ಲುವುದು. ಬಡ್ಡಿಯು ಏಪ್ರಿಲ್, ಜುಲಾಯಿ, ಅಕ್ಟೋಬರ್, ಜನವರಿ ಈ ನಾಲ್ಕು ತಿಂಗಳುಗಳ ಆರಂಭದಲ್ಲಿ ಬರುವುದು.

ಇದರಲ್ಲಿ ಒಂದು ತೊಡಕುಂಟು. ಮೂರು ತಿಂಗಳ ಬಡ್ಡಿಯು ಒಟ್ಟಿಗೆ ಬಂದಾಗ ಕೈ ಸಡಿಲವಾಗುತ್ತದೆ. ಜನವರಿಯಲ್ಲಿ ಶ್ರೀಮಂತರಾದವರು ಮಾರ್ಚಿಯಲ್ಲಿ ದರಿದ್ರರಾಗುತ್ತಾರೆ. ಆದಕಾರಣ ಬಂದ ಮೊತ್ತವನ್ನು ಮೂರರಿಂದ ಭಾಗಿಸಿ, ಒಂದು ಭಾಗವನ್ನು ಮಾತ್ರ ಆ ತಿಂಗಳಿನದೆಂದು ತಿಳಿಯಬೇಕು. ಹೀಗೆ ಭಾಗಿಸುವ ಸಂಯಮವು ತಮಗಿಲ್ಲವೆಂದು ತಿಳಿದವರು, ಸ್ವಲ್ಪ ಹಣವನ್ನು ಅಂಚೆಕಛೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಇಡಬಹುದು. ಅಲ್ಲಿ ಬಡ್ಡಿಯ ದರವು ತುಸು ಕಡಿಮೆಯಾದರೂ ಹಣವು ತಿಂಗಳು ತಿಂಗಳೂ ಬರುವುದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮಗನ ಸಂಸಾರದೊಡನೆ ವಾಸವಾಗಿರುವ ನಿವೃತ್ತ ಉಪಾಧ್ಯಾಯಿನಿಯೊಬ್ಬಳಿಗೆ ತಿಂಗಳಿಗೆ 2,400 ರೂಪಾಯಿ ಪಿಂಚಣಿ ಬರುವುದೆನ್ನಿ. ಕೈಗೆ ಬಂದ 12 ಲಕ್ಷ ರೂಪಾಯಿಯಲ್ಲಿ 10 ಲಕ್ಷವನ್ನು ನೂರಕ್ಕೆ 8.2ರಂತೆ ಮೇಲೆ ಹೇಳಿದ ಯೋಜನೆಯಲ್ಲಿ ಇಟ್ಟಿದ್ದಾಳೆ. 2 ಲಕ್ಷವನ್ನು ಆಪತ್ತಿಗೆಂದು ಬ್ಯಾಂಕಿನಲ್ಲಿ ಇಟ್ಟುಕೊಂಡಿದ್ದಾಳೆ. ಹತ್ತು ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ, ಎಂದರೆ ತಿಂಗಳಿಗೆ ಸುಮಾರು 6,800 ರೂಪಾಯಿ ಬರುವುದು. ಪಿಂಚಣಿಯನ್ನು ಸೇರಿಸಿದರೆ 9,200 ರೂಪಾಯಿ ಆಯಿತು. ಇದನ್ನು ಆಕೆ ಹೀಗೆ ಐದು ಪಾಲು ಮಾಡಬಹುದು:

ಮನೆಯ ಖರ್ಚಿಗೆ ಕೊಡುವುದು — 3,500
ವೈದ್ಯರು ಮತ್ತು ಔಷಧ — 1,700
ವರ್ಷಕ್ಕೊಮ್ಮೆ ಬರುವ ಖರ್ಚುಗಳಿಗೆ — 1,000
ಕೈಖರ್ಚು — 2,500
ಮುಂದಕ್ಕೆ ಉಳಿಸುವುದು — 500
ಒಟ್ಟು — 9,200

ಮೊದಲನೆಯ ಪಾಲನ್ನು ತಿಂಗಳ ಮೊದಲನೆಯ ದಿನವೇ ಸೊಸೆಯ ಕೈಯಲ್ಲಿ ಕೊಡುವುದು ಉತ್ತಮ. “ನಮ್ಮ ಮನೆಯಲ್ಲಿ ನಾವೇಕೆ ಹಣ ಕೊಡಬೇಕು?” ಎಂದು ಕೆಲವರು ಕೇಳುವರು. ಕೊಡಲೇಬೇಕೆಂದು ನಾವು ಹೇಳುವುದಿಲ್ಲ. ಆದರೆ ತಾನೂ ಅಕ್ಕಿಯ ಪಾಲನ್ನು ಹಾಕಿದ್ದೇನೆಂಬ ಅರಿವಿನಿಂದ ಊಟಕ್ಕೆ ಕುಳಿತುಕೊಳ್ಳುವುದು ಒಂದು ನೆಮ್ಮದಿ. ಅಡಿಗೆಮನೆಯನ್ನು ನಡೆಯಿಸುವವಳಿಗೂ ಅದೊಂದು ಗೌರವ.

ಔಷಧದ ಪಾಲನ್ನು ಬೇರೆ ಯಾವುದಕ್ಕೂ ಮುಟ್ಟಕೂಡದು. ದಿನವೂ ನುಂಗಬೇಕಾದ ರಕ್ತದೊತ್ತಡದ ಅಥವಾ ಸಿಹಿಮೂತ್ರದ ಮಾತ್ರೆಗಳನ್ನು ಹಣ ಉಳಿಸುವುದಕ್ಕಾಗಿ ದಿನ ಬಿಟ್ಟು ದಿನ ನುಂಗುವ ಹಿರಿಯರನ್ನು ನಾವು ಕಂಡಿದ್ದೇವೆ. ಇದು ಉಳಿತಾಯವಲ್ಲ, ದೊಡ್ಡ ಖರ್ಚಿಗೆ ಕರೆಯೋಲೆ. ಅದರ ಬದಲು, ಅದೇ ಔಷಧವು ಜನೌಷಧಿ ಕೇಂದ್ರದಲ್ಲಿ ದೊರೆಯುವುದೇ ಎಂದು ವೈದ್ಯರನ್ನು ಕೇಳಿ ತಿಳಿದುಕೊಂಡರೆ, ಎಷ್ಟೋ ಕಡಿಮೆ ಬೆಲೆಗೆ ಕೊಳ್ಳಬಹುದು.

ಮೂರನೆಯ ಪಾಲನ್ನು ಮರೆಯುವವರೇ ಹೆಚ್ಚು. ಕನ್ನಡಕ, ಹಲ್ಲು, ಮಳೆಗಾಲಕ್ಕೆ ಕೊಡೆ, ಒಂದೆರಡು ಸೀರೆ, ಹಬ್ಬ, ನೆಂಟರ ಮದುವೆಯ ಉಡುಗೊರೆ, ಇವು ತಿಂಗಳಿಗೊಮ್ಮೆ ಬರುವುವಲ್ಲ; ಆದರೆ ವರ್ಷಕ್ಕೊಮ್ಮೆ ಖಂಡಿತವಾಗಿ ಬರುವುವು. ಬಂದಾಗ ಅನಿರೀಕ್ಷಿತವಾಗಿ ಬಂದವೆಂದು ನಾವು ಗೋಳಾಡುತ್ತೇವೆ. ತಿಂಗಳಿಗೆ ಸಾವಿರದಂತೆ ಎತ್ತಿಟ್ಟರೆ ವರ್ಷಕ್ಕೆ ಹನ್ನೆರಡು ಸಾವಿರವಾಗುವುದು, ಮದುವೆಯ ಕರೆಯೋಲೆಯನ್ನು ಕಂಡು ಎದೆ ಬಡಿಯುವುದು ನಿಲ್ಲುವುದು.

ಇನ್ನು ಕೈಖರ್ಚಿನ ವಿಷಯ. ಇದಕ್ಕೆ ಲೆಕ್ಕವನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ ಎಂದೆವು. ಲೆಕ್ಕವೇ ಬೇಡವೆಂದು ಹೇಳಲಿಲ್ಲ. ತನಗೆ ತಾನೇ ಲೆಕ್ಕ ಒಪ್ಪಿಸಿಕೊಳ್ಳಬೇಕು. 2,500 ರೂಪಾಯಿಯನ್ನು ಹೀಗೆ ಹಂಚಬಹುದು: ಟೆಲಿಫೋನಿಗೆ 250, ಬಸ್ಸು, ರಿಕ್ಷಾಗಳಿಗೆ 500, ಸಾಬೂನು, ತಲೆಯೆಣ್ಣೆ ಮೊದಲಾದ ಸ್ವಂತ ಸಾಮಾನುಗಳಿಗೆ 350, ರೋಗಿಗಳನ್ನೂ ನೆಂಟರನ್ನೂ ನೋಡಲು ಹೋಗುವಾಗಿನ ಹಣ್ಣುಹಂಪಲಿಗೆ 400, ದಾನಕ್ಕೆ 300, ಮೊಮ್ಮಕ್ಕಳಿಗೆ 300, ಪುಸ್ತಕ, ಪತ್ರಿಕೆ, ಹೊಲಿಗೆಯ ನೂಲಿಗೆ 200, ಏನೆಂದು ಈಗಲೇ ಹೇಳಲಾಗದುದಕ್ಕೆ 200. ಈ ಪಟ್ಟಿಯು ಎಲ್ಲರಿಗೂ ಒಪ್ಪಬೇಕೆಂದಿಲ್ಲ. ಸಾಹಿತ್ಯದ ರುಚಿಯುಳ್ಳವಳು ರಿಕ್ಷಾ ಬಿಟ್ಟು ಪುಸ್ತಕ ಕೊಂಡಾಳು. ಮೊಮ್ಮಕ್ಕಳಿಲ್ಲದವಳು ನೆರೆಮನೆಯ ಮಕ್ಕಳಿಗೆ ಕೊಟ್ಟಾಳು. ಆದರೆ ಕೊನೆಯ 200 ರೂಪಾಯಿಯನ್ನು ಮಾತ್ರ ಯಾರೂ ಅಳಿಸಬಾರದು. ಗೆಳತಿಯೊಬ್ಬಳು ಥಟ್ಟನೆ “ಬಾ, ಹೋಗೋಣ” ಎಂದಾಗ ಹೊರಡುವುದಕ್ಕೆ ಅದೇ ಟಿಕೇಟು.

ಸಂಚಾರದ ವಿಷಯದಲ್ಲಿ ಒಂದು ಅನುಕೂಲವನ್ನು ನೆನಪಿಸುತ್ತೇವೆ. ಕರ್ನಾಟಕದಲ್ಲಿ 2023ನೆಯ ಇಸವಿಯ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರಕಾರೀ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಸ್ತ್ರೀಯರಿಗೆ ಟಿಕೇಟಿನ ಹಣ ಬೇಕಾಗಲಿಲ್ಲ. ಆದರೆ ಮಂಗಳೂರಿನಂತಹ ಊರಲ್ಲಿ ಓಡಾಡುವ ಬಸ್ಸುಗಳು ಬಹುಮಟ್ಟಿಗೆ ಖಾಸಗಿಯವಾದ ಕಾರಣ, ಈ ಅನುಕೂಲವು ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ದೊರೆಯದು. ಪಟ್ಟಿಯನ್ನು ಬರೆಯುವಾಗ ಅವರವರ ಊರನ್ನು ನೋಡಿಕೊಳ್ಳತಕ್ಕದ್ದು.

ಹಣವನ್ನು ಎಲ್ಲಿ ಇಡಬೇಕು? ಸಾಸಿವೆಯ ಡಬ್ಬಿಯ ಕಾಲವು ಪೂರ್ತಿಯಾಗಿ ಹೋಗಿಲ್ಲವಾದರೂ, ಈಗ ಮೀನಿನವಳೂ ಹೂವಿನವಳೂ ಫೋನಿನಲ್ಲಿ ಹಣ ಪಡೆಯುತ್ತಾರೆ. ಫೋನಿನಿಂದ ಹೋಗುವ ಹಣವು ಕಣ್ಣಿಗೆ ಕಾಣದ ಕಾರಣ ಬೇಗ ಕರಗುತ್ತದೆ. ಆದುದರಿಂದ ಎರಡು ಖಾತೆಗಳಿರುವುದು ಮೇಲು. ಪಿಂಚಣಿಯೂ ಬಡ್ಡಿಯೂ ದೊಡ್ಡ ಖಾತೆಗೆ ಬರಲಿ. ಅಲ್ಲಿಂದ ತಿಂಗಳ ಮೊದಲನೆಯ ದಿನ 2,500 ರೂಪಾಯಿಯು ತಾನಾಗಿಯೇ ಚಿಕ್ಕ ಖಾತೆಗೆ ವರ್ಗವಾಗುವಂತೆ ಬ್ಯಾಂಕಿನಲ್ಲಿ ಬರೆದುಕೊಡಿರಿ. ಫೋನಿಗೆ ಜೋಡಿಸುವುದು ಚಿಕ್ಕ ಖಾತೆಯನ್ನು ಮಾತ್ರ. ಇದರಿಂದ ಖರ್ಚು ಮಿತಿಯಲ್ಲಿರುವುದಲ್ಲದೆ, ವಂಚಕರ ಕೈಗೆ ಸಿಕ್ಕಿದರೂ ಹೋಗುವುದು ಅಷ್ಟಿಷ್ಟೇ. ಪೊಲೀಸರೆಂದು ಹೇಳಿಕೊಂಡು ಫೋನಿನಲ್ಲಿಯೇ ದಸ್ತಗಿರಿ ಮಾಡಿದ್ದೇವೆಂದು ಹೆದರಿಸುವವರು ಈಚೆಗೆ ಹೆಚ್ಚಿದ್ದಾರೆ. ಫೋನಿನ ಮೂಲಕ ದಸ್ತಗಿರಿ ಮಾಡುವ ಪದ್ಧತಿಯು ನಮ್ಮ ದೇಶದ ಕಾನೂನಿನಲ್ಲಿ ಇಲ್ಲವೇ ಇಲ್ಲ. ಅಂತಹ ಕರೆ ಬಂದರೆ ಮಾತು ಬೆಳೆಸದೆ ಕೆಳಗಿಡಿರಿ. ಹಣ ಹೋಗಿದ್ದರೆ ನಾಚಿಕೊಳ್ಳದೆ ತಕ್ಷಣವೇ 1930 ಎಂಬ ಸಂಖ್ಯೆಗೆ ತಿಳಿಸಿರಿ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳದಿದ್ದರೆ ನಮ್ಮ ಲೇಖನವು ಅಪೂರ್ಣವಾಗುವುದು. ಮೊದಲನೆಯದು ಬೆಲೆಯೇರಿಕೆ. ಬೆಲೆಗಳು ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೆ ಸುಮಾರು ಹನ್ನೆರಡು ವರ್ಷಗಳಲ್ಲಿ ಎರಡರಷ್ಟಾಗುತ್ತವೆ. ಇಂದು 2,500 ರೂಪಾಯಿಗೆ ಆಗುವ ಕೆಲಸಕ್ಕೆ ಆಗ 5,000 ಬೇಕು. ಅರುವತ್ತರಲ್ಲಿ ನಿವೃತ್ತಳಾದವಳು ಎಂಬತ್ತೈದರವರೆಗೆ ಬದುಕುವುದು ಈಗ ಅಪರೂಪವಲ್ಲ. ಇದಲ್ಲದೆ, ಐದು ವರ್ಷಗಳಾದ ಮೇಲೆ ಬಡ್ಡಿಯ ದರವು 8.2ರಿಂದ 7ಕ್ಕೆ ಇಳಿದಿದ್ದರೆ, ಅದೇ ಹತ್ತು ಲಕ್ಷಕ್ಕೆ ತಿಂಗಳಿಗೆ ಒಂದು ಸಾವಿರ ರೂಪಾಯಿ ಕಡಿಮೆಯಾಗುವುದು. ಆದುದರಿಂದಲೇ ಐದನೆಯ ಪಾಲಾದ 500 ರೂಪಾಯಿಯನ್ನು ಸಣ್ಣದೆಂದು ತಿರಸ್ಕರಿಸದೆ ಉಳಿಸಿಕೊಂಡು ಹೋಗಬೇಕು. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದೆಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಕಲಿತವರಲ್ಲವೇ? ಪ್ರತಿ ವರ್ಷವೂ ಏಪ್ರಿಲಿನಲ್ಲಿ ಪಟ್ಟಿಯನ್ನು ಹೊಸದಾಗಿ ಬರೆಯಿರಿ. ಆದಾಯ ಕಡಿಮೆಯಾದರೆ ಎಲ್ಲಾ ಪಾಲುಗಳಿಂದಲೂ ಸ್ವಲ್ಪ ಸ್ವಲ್ಪವಾಗಿ ಕಡಿಮೆಮಾಡಿರಿ, ಕೈಖರ್ಚೊಂದನ್ನೇ ಬಲಿಕೊಡಬೇಡಿರಿ.

ಎರಡನೆಯದು ಗಂಟಿನ ರಕ್ಷಣೆ. ಹೆಚ್ಚು ಬಡ್ಡಿಯ ಆಸೆಯಿಂದ ತಿಳಿಯದ ಕಡೆ ಹಣವಿಡುವವರು, ಬಡ್ಡಿಗೆ ಕೈಯೊಡ್ಡಿ ಅಸಲನ್ನು ಕಳೆದುಕೊಳ್ಳುತ್ತಾರೆ. ಬ್ಯಾಂಕಿನಲ್ಲಿಟ್ಟ ಠೇವಣಿಗೆ 2020ನೆಯ ಇಸವಿಯ ಫೆಬ್ರವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆಯ ರಕ್ಷಣೆ ಉಂಟು. ಪ್ರಾಥಮಿಕ ಸಹಕಾರ ಸಂಘಗಳಲ್ಲಿಟ್ಟ ಠೇವಣಿಗೆ ಆ ವಿಮೆ ಇಲ್ಲ. ಸಂಘವು ಒಳ್ಳೆಯದೇ ಇರಬಹುದು. ಆದರೆ ಇರುವ ಗಂಟನ್ನೆಲ್ಲಾ ಅಲ್ಲಿ ಇಡುವುದು ಜಾಣತನವಲ್ಲ.

ಪರರು ಕೊಂಡೊಯ್ಯುವ ಗಂಟಿಗಿಂತ, ಪ್ರೀತಿಯಿಂದ ನಾವೇ ಕೊಟ್ಟುಬಿಡುವ ಗಂಟು ದೊಡ್ಡದು. ಮಕ್ಕಳಿಗೆ ಕೊಡಬಾರದೆಂದು ನಾವು ಹೇಳುವುದಿಲ್ಲ. ತಾಯಿಯಾದವಳಿಗೆ ಆ ಮಾತು ಹಿಡಿಸುವುದೂ ಇಲ್ಲ. ಕೊಡುವ ಮೊದಲು, ತಿಂಗಳ ಆದಾಯಕ್ಕೆ ಬೇಕಾದ ಅಸಲನ್ನು ಬೇರೆಯಾಗಿ ಇಟ್ಟು, ಮಿಕ್ಕುದನ್ನು ಕೊಡಿರಿ ಎನ್ನುತ್ತೇವೆ. ಮನೆಯನ್ನೋ ಜಮೀನನ್ನೋ ದಾನಪತ್ರದಿಂದ ಮಕ್ಕಳ ಹೆಸರಿಗೆ ಬರೆಯುವವರು, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಯಿಸತಕ್ಕದ್ದು. 2007ನೆಯ ಇಸವಿಯ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯ 23ನೆಯ ಕಲಮಿನಂತೆ, ಆ ಷರತ್ತನ್ನು ನಡೆಯಿಸದಿದ್ದಲ್ಲಿ ಪತ್ರವನ್ನು ರದ್ದುಪಡಿಸುವಂತೆ ನ್ಯಾಯಮಂಡಳಿಯನ್ನು ಕೇಳಿಕೊಳ್ಳಬಹುದು. ಇಂತಹ ಷರತ್ತನ್ನು ಹಾಕುವುದು ಅಪನಂಬಿಕೆಯಲ್ಲ. ಬಾಗಿಲಿಗೆ ಚಿಲಕವನ್ನು ಇಡುವುದರಿಂದ ನೆರೆಯವರನ್ನು ಕಳ್ಳರೆಂದಂತಾಗುವುದೇ?

ಈ ಸಂಚಿಕೆಯನ್ನು ಓದುವ ತಂದೆತಾಯಂದಿರಿಗೂ ಒಂದು ಮಾತು. ನಿಮ್ಮ ಹೆಣ್ಣುಮಕ್ಕಳು ಈಗ ನಮ್ಮ ತರಗತಿಗಳಲ್ಲಿ ಗಣಿತವನ್ನು ಕಲಿಯುತ್ತಿದ್ದಾರೆ. ಶೇಕಡಾ ಬಡ್ಡಿಯ ಲೆಕ್ಕದಲ್ಲಿ ನೂರಕ್ಕೆ ನೂರು ಅಂಕಗಳನ್ನು ಪಡೆದವಳು, ಮುಂದೆ ತನ್ನ ಸಂಬಳದ ಚೀಟಿಯನ್ನು ಓದಲಾರದೆ ಗಂಡನ ಕೈಗೋ ಮಗನ ಕೈಗೋ ಕೊಡುವಂತಾದರೆ ಆ ಅಂಕಗಳ ಫಲವೇನು? ಅವಳಿಗೆ ಈಗಲೇ ತಿಂಗಳಿಗೆ ಐವತ್ತು ರೂಪಾಯಿಯನ್ನಾದರೂ ಕೊಟ್ಟು, ಒಂದು ಪುಸ್ತಕದಲ್ಲಿ ಬರೆದಿಡಲು ಕಲಿಸಿರಿ. ನಿಮ್ಮ ಮನೆಯಲ್ಲಿಯೇ ಅಜ್ಜಿಯೊಬ್ಬರಿದ್ದರೆ, ಅವರ ಕೈಯಲ್ಲಿ ಹಣವಿದೆಯೇ ಎಂದು ಇಂದೇ ವಿಚಾರಿಸಿರಿ. ಅವರಾಗಿ ಕೇಳುವರೆಂದು ಕಾಯಬೇಡಿರಿ, ಅವರು ಕೇಳುವುದಿಲ್ಲ.

ಮೊದಲು ಹೇಳಿದ ನಮ್ಮ ಗೆಳತಿಯ ಕಥೆಯನ್ನು ಮುಗಿಸಬೇಕು. ಕೊಟ್ಟ ಗಂಟು ಹಿಂದಕ್ಕೆ ಬರುವಂತಿರಲಿಲ್ಲ; ಅದನ್ನು ಕೇಳುವ ಮನಸ್ಸೂ ಆಕೆಗಿರಲಿಲ್ಲ. ಬಹಳ ಒತ್ತಾಯಮಾಡಿದ ಮೇಲೆ, ಒಂದು ಆದಿತ್ಯವಾರ ಊಟವಾದ ತರುವಾಯ ಆಕೆ ಮಗನಿಗೆ, “ನನ್ನ ಪಿಂಚಣಿಯ ಖಾತೆಯ ಕಾರ್ಡು ನನ್ನ ಬಳಿ ಇರಲಿ ಮಗಾ, ನನಗೂ ಸಣ್ಣಪುಟ್ಟ ಖರ್ಚುಗಳಿರುತ್ತವೆ” ಎಂದಳಂತೆ. ಅವನು ಒಂದು ಗಳಿಗೆ ಸುಮ್ಮನೆ ಕುಳಿತು, “ಇಷ್ಟು ದಿನ ಯಾಕೆ ಹೇಳಲಿಲ್ಲ ಅಮ್ಮಾ?” ಎಂದು ಕೇಳಿ ಎದ್ದುಹೋಗಿ ಕಾರ್ಡನ್ನು ತಂದುಕೊಟ್ಟನಂತೆ. ಪಿಂಚಣಿಯು ಎರಡು ಸಾವಿರ ಚಿಲ್ಲರೆ. ಅದರಲ್ಲಿಯೇ ಆಕೆ ಮೇಲೆ ಹೇಳಿದ ಪಟ್ಟಿಗಿಂತಲೂ ಚಿಕ್ಕದಾದ ಒಂದು ಪಟ್ಟಿಯನ್ನು ಮಾಡಿಕೊಂಡಿದ್ದಾಳೆ. ಕಳೆದ ಕೂಟಕ್ಕೆ ರಿಕ್ಷಾದಲ್ಲಿ ಬಂದಳು. ಬಾಗಿಲಲ್ಲಿ ನಿಂತಿದ್ದ ನಮ್ಮ ಮುಂದೆಯೇ ಕೈಚೀಲದಿಂದ ಹಣವನ್ನು ಎಣಿಸಿ ಕೊಟ್ಟು, ಚಿಲ್ಲರೆಯನ್ನು ಸರಿಯಾಗಿ ಎಣಿಸಿ ತೆಗೆದುಕೊಂಡಳು. ನಮ್ಮ ಕಡೆಗೆ ತಿರುಗಿ, “ಹೋಗುವಾಗ ನಿನ್ನನ್ನೂ ನಾನೇ ಬಿಡುತ್ತೇನೆ” ಎಂದಳು.

ಪ್ರಿಯ ಭಗಿನಿಯರೇ, ಈ ತಿಂಗಳೇ ಒಂದು ಪುಸ್ತಕವನ್ನು ತೆಗೆದುಕೊಂಡು ಮೊದಲನೆಯ ಪುಟದಲ್ಲಿ ನಿಮ್ಮ ಐದು ಪಾಲುಗಳನ್ನು ಬರೆಯಿರಿ. ಮುಂದಿನ ಕೂಟದಲ್ಲಿ ನಿಮ್ಮೆಲ್ಲರನ್ನೂ ಕಾಣುವೆವೆಂದು ನಂಬಿದ್ದೇವೆ.